ಚರಕಕ್ಕೆ ಬಂದ ಎದೆನೋವು

ಬೈರಾಪಟ್ಟಣದ ರೇಷ್ಮೆ ನೂಲುಗಾರ ಮುನಿಶಾಮಯ್ಯನವರ ನಾಡಿ ತಾಲ್ಲೂಕಿನಲ್ಲೇ ಅತ್ಯುತ್ತಮವಾದದ್ದು ಎಂದು ನಾಡಿ ನಿಗಾ ಘಟಕವು ಲಿಖಿತವಾಗಿ ಪ್ರಕಟಿಸಿತು. ಪ್ರಶಂಸಾಪತ್ರ ಮನೆಗೆ ಬಂದಾಗ ಮುನಿಶಾಮಯ್ಯನವರು ಎದೆ ಒತ್ತಿ ಹಿಡಿದು ಜಗಲಿಯ ಮೇಲೆ ಮಲಗಿದ್ದರು. ಹೆಂಡತಿ ಅಂಕಮ್ಮ ಸಹಿ ಹಾಕಿ ಪಡೆದುಕೊಂಡಳು.

ಮೂರು ತಿಂಗಳ ಹಿಂದೆ ಘಟಕದವರು ಅರವತ್ತು ದಾಟಿದವರಿಗೆಲ್ಲ ಒಂದೊಂದು ಪಟ್ಟಿ ಕೊಟ್ಟಿದ್ದರು. ರಬ್ಬರಿನಂತೆ ಬಾಗುವ ತೆಳು ಪಟ್ಟಿ; ಮಣಿಕಟ್ಟಿಗೆ ಸುತ್ತಿದರೆ ನಾಡಿ ಬಡಿದಾಗಲೆಲ್ಲ ಆ ಒತ್ತಡವನ್ನು ಅಳೆದು ಚನ್ನಪಟ್ಟಣದ ಕಚೇರಿಗೆ ಕಳಿಸುತ್ತದೆ. ನಿಯಮಗಳು ಎರಡೇ. ಪಟ್ಟಿಗೆ ನೀರು ತಾಗಬಾರದು. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅದು ಬಡಿಯುತ್ತಿರಬೇಕು. ಉಳಿದ ವೇಳೆಯ ಆರೋಗ್ಯವನ್ನು ಘಟಕ ಪರಿಗಣಿಸುವುದಿಲ್ಲ.

ನೂಲುಗಾರನ ಕೈ ದಿನವಿಡೀ ಗೂಡು ಬೇಯುವ ಬಿಸಿನೀರಿನಲ್ಲಿರುತ್ತದೆ. ಸರ್ಕಾರದ ವಸ್ತು ಕೆಡಬಾರದೆಂದು ಮುನಿಶಾಮಯ್ಯನವರು ಮೊದಲ ದಿನವೇ ಪಟ್ಟಿಯನ್ನು ಬಿಚ್ಚಿ ಚರಕದ ಕಂಬಕ್ಕೆ, ಹಿಡಿಯ ಪಕ್ಕದಲ್ಲಿ, ಸುತ್ತಿಟ್ಟರು. ಅಂಕಮ್ಮ ಹಿಡಿ ತಿರುಗಿಸಿದಂತೆ ಸುತ್ತಿಗೊಮ್ಮೆ ಅಚ್ಚು ಪಟ್ಟಿಯನ್ನು ಒತ್ತುತ್ತಿತ್ತು. ಮೂವತ್ತು ವರ್ಷ ಪಳಗಿದ ಕೈ. ನಿಮಿಷಕ್ಕೆ ಎಪ್ಪತ್ತೆರಡು ಸುತ್ತು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಎದೆನೋವು ಶುರುವಾದ ಮೇಲೂ ಚರಕ ನಿಲ್ಲಲಿಲ್ಲ. ಗೂಡು ಕಾಯುವುದಿಲ್ಲ, ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ. ಬಿಸಿನೀರಿನ ಮುಂದೆ ಪಕ್ಕದ ಮನೆಯ ರಹೀಮಾ ಕೂತಳು.

ದೊಡ್ಡಾಸ್ಪತ್ರೆಗೆ ಸೇರಿಸಲು ಘಟಕದ ಪತ್ರ ಬೇಕಿತ್ತು. ಅಂಕಮ್ಮ ಗಂಡನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದಳು. ಅಧಿಕಾರಿ ಲೋಕೇಶ್ ಕಂಪ್ಯೂಟರ್ ನೋಡಿದರು.

"ಯಜಮಾನ್ರು ಆರೋಗ್ಯವಾಗಿದಾರಲ್ಲಮ್ಮ."

"ಉಸಿರು ಬುಡಕ್ಕಾಯ್ತಿಲ್ಲ ಸ್ವಾಮಿ. ಇಲ್ಲೇ ಕುಂತವ್ರೆ ನೋಡಿ."

"ಇವರು ಎದುರಿಗಿರೋರು. ನಾನು ಹೇಳ್ತಿರೋದು ದಾಖಲೆಯಲ್ಲಿರೋರ ವಿಷಯ."

ಅಂಕಮ್ಮ ನಡೆದದ್ದನ್ನೆಲ್ಲ ಒಪ್ಪಿಕೊಂಡು, ಚೀಲದಿಂದ ಪಟ್ಟಿ ತೆಗೆದು ಗಂಡನ ಕೈಗೆ ಕಟ್ಟಿದಳು. ಪರದೆ ಕೆಂಪಾಯಿತು: ಪಟ್ಟಿಯು ಅನ್ಯ ವ್ಯಕ್ತಿಯ ಮೈಮೇಲಿದೆ.

"ಮೊದಲ ಹತ್ತು ದಿನದ ಬಡಿತವೇ ಗುರುತು," ಲೋಕೇಶ್ ವಿವರಿಸಿದರು. "ಇವರು ಮುನಿಶಾಮಯ್ಯ ಅಲ್ಲ."

"ಮತ್ಯಾರು ಸ್ವಾಮಿ ನಾನು?" ಮುನಿಶಾಮಯ್ಯ ಕೇಳಿದರು.

"ಅದು ನಮ್ಮ ಘಟಕದ ವ್ಯಾಪ್ತಿಗೆ ಬರಲ್ಲ."

ತಿದ್ದುಪಡಿಗೆ ತೊಂಬತ್ತು ದಿನ. ಬಾಗಿಲಾಚೆ ಕಂಪ್ಯೂಟರ್ ಹುಡುಗಿ ಸುಚಿತ್ರಾ ಅಂಕಮ್ಮನ ಕಿವಿಯಲ್ಲಿ ಹೇಳಿದಳು: "ಅಷ್ಟು ದಿನ ಕಾಯ್ಬೇಡಿ ಅಮ್ಮ. ಚರಕಕ್ಕೇ ಕಾಯಿಲೆ ಬರ್ಸಿ."

ಮರುದಿನ ಹತ್ತಕ್ಕೆ ಸರಿಯಾಗಿ ಅಂಕಮ್ಮ ಪಟ್ಟಿಯನ್ನು ಚರಕಕ್ಕೆ ಸುತ್ತಿ ಹಿಡಿಗೆ ಕೈ ಹಾಕಿದಳು. ಮೂರು ಸುತ್ತು ಜೋರು, ಒಂದು ನಿಧಾನ, ಆಮೇಲೆ ನಿಲುಗಡೆ. ಎಳೆ ಪಟ್ಟನೆ ಕಿತ್ತುಹೋಯಿತು. ಅವಳ ಕೈಯಲ್ಲಿ ಎಳೆ ಕಿತ್ತದ್ದು ಮದುವೆಯಾದ ವರ್ಷ ಬಿಟ್ಟರೆ ಇದೇ ಮೊದಲು.

"ಇದೇನಕ್ಕ, ಹಿಂಗ್ ತಿರುಗುಸ್ತೀಯಾ?" ರಹೀಮಾ ತಲೆಯೆತ್ತಿದಳು.

"ಸುಮ್ಕಿರು. ನಮ್ಮೆಜಮಾನ್ರಿಗೆ ಸೀರಿಯಸ್ ಮಾಡ್ತಾ ಇದೀನಿ."

ಹನ್ನೊಂದೂವರೆಗೆ ಆಂಬುಲೆನ್ಸ್ ಬಂತು. ಸಿಬ್ಬಂದಿ ವಾಸಿಂ ಜಗಲಿಯ ಮೇಲೆ ಮಲಗಿದ್ದ ಮುನಿಶಾಮಯ್ಯನವರನ್ನು ದಾಟಿ ಒಳಗೆ ಹೋಗಿ, ಪಟ್ಟಿಯ ನಂಬರನ್ನು ತನ್ನ ಕೈಲಿದ್ದ ಚೀಟಿಯೊಂದಿಗೆ ತಾಳೆ ನೋಡಿದ.

"ರೋಗಿ ತಲೆ ಯಾವ ಕಡೆಗಮ್ಮ?"

"ಹಿಡಿ ಇರೋ ಕಡೆ," ಅಂದಳು ಅಂಕಮ್ಮ.

ನಾಲ್ಕು ಜನ ಚರಕವನ್ನು ಸ್ಟ್ರೆಚರಿಗೆ ಏರಿಸಿ ಕಂಬಳಿ ಹೊದಿಸಿದರು. ರೋಗಿಯ ಜೊತೆ ಇಬ್ಬರಿಗೆ ಅವಕಾಶವಿತ್ತು. ಮುನಿಶಾಮಯ್ಯನವರು ಬೆವರುತ್ತ ಹತ್ತಿ ಕೂತರು.

ಆಸ್ಪತ್ರೆಯಲ್ಲಿ ಚರಕಕ್ಕೆ ಹಾಸಿಗೆ, ಮುನಿಶಾಮಯ್ಯನವರಿಗೆ ಬೆಂಚು. ಡಾಕ್ಟರ್ ರಾಧಾಮಣಿ ಚರಕವನ್ನು ನೋಡಿದರು, ಬೆಂಚನ್ನು ನೋಡಿದರು, ಅಂಕಮ್ಮನ ಮುಖವನ್ನೂ ನೋಡಿದರು.

"ರೋಗಿ ಬಾಯಿ ಬಿಡ್ತಿಲ್ಲ," ಎಂದರು. "ಹತ್ತಿರದ ಸಂಬಂಧಿಕರ ಎದೆ ಪರೀಕ್ಷೆ ಮಾಡಿ ತಿಳ್ಕೋಬೇಕಾಗುತ್ತೆ."

ಪರೀಕ್ಷೆಯಾಯಿತು. ಅವರು ಬರೆದ ಆದೇಶ ಈಗಲೂ ಕಡತದಲ್ಲಿದೆ: 'ರೋಗಿಯು ನುಂಗುವ ಸ್ಥಿತಿಯಲ್ಲಿ ಇಲ್ಲದ ಕಾರಣ ಚುಚ್ಚುಮದ್ದು ಹಾಗೂ ಮಾತ್ರೆಗಳನ್ನು ಸಂಬಂಧಿಕರು ಸ್ವೀಕರಿಸತಕ್ಕದ್ದು.' ಎಂಟನೇ ದಿನ ಮುನಿಶಾಮಯ್ಯನವರು ತಾವೇ ಮೆಟ್ಟಿಲಿಳಿದು ಬಂದರು. ಚರಕವನ್ನು ಗುಣಮುಖವೆಂದು ಬಿಡುಗಡೆ ಮಾಡಲಾಯಿತು.

ಈಗ ತಿಂಗಳಿಗೊಮ್ಮೆ ತಪಾಸಣೆ. ಗೂಡ್ಸ್ ಆಟೋದಲ್ಲಿ ಮೂವರೂ ಹೋಗುತ್ತಾರೆ. ಮೊನ್ನೆ ಸಾಲಿನಲ್ಲಿದ್ದ ಒಬ್ಬ, ತನ್ನ ನಂತರ ಬಂದ ಚರಕವನ್ನು ಮುಂದೆ ಯಾಕೆ ಬಿಡುತ್ತೀರಿ ಎಂದು ತಗಾದೆ ತೆಗೆದ.

"ಹಾರ್ಟ್ ಪೇಷಂಟ್ ಕಣ್ಲಾ," ಎಂದರು ಪಕ್ಕದವರು. "ಒಸಿ ಜಾಗ ಬುಡು."

ಅವನು ಜಾಗ ಬಿಟ್ಟು, ಎತ್ತುವುದಕ್ಕೆ ಒಂದು ಕೈಯನ್ನೂ ಕೊಟ್ಟ.