ಕುಂಕುಮ ಹಚ್ಚಿದ ಪೆಡಲ್

ಸೈಕಲ್ ಕೊಳ್ಳುವುದು ಬೇರೆ, ಸೈಕಲ್ ಹೊಡೆಯುವುದು ಬೇರೆ ಎಂಬ ಸತ್ಯ ಜಗತ್ತಿನ ಯಾವ ಹೆಂಡತಿಗೂ ಇದುವರೆಗೆ ಅರ್ಥವಾಗಿಲ್ಲ. ನನ್ನ ಹೆಂಡತಿ ಶಿವಕುಮಾರಿಗಂತೂ ಆಗುವ ಲಕ್ಷಣವೂ ಇಲ್ಲ. ಆಫೀಸಿನ ಗೆಳೆಯನೊಬ್ಬನ ಹಳೆಯ ಮೌಂಟನ್ ಬೈಕನ್ನು ನಾನು ಕೊಂಡು ತಂದ ದಿನ ಅವಳು ಕೇಳಿದ ಮೊದಲ ಪ್ರಶ್ನೆ, "ಇದನ್ನ ಎಲ್ಲಿ ಇಡೂದು?" ಎಂದು. ಎಲ್ಲಿ ಹೊಡೆಯುವುದು ಎಂದು ಕೇಳಲಿಲ್ಲ. (ಕೇಳಿದ್ದರೆ ನನ್ನಲ್ಲೂ ಉತ್ತರವಿರಲಿಲ್ಲ. ಮೌಂಟನ್ ಬೈಕಿಗೆ ಮೌಂಟನ್ ಬೇಕು. ಮುಂಬಯಿಯ ನಮ್ಮ ವಡಾಲದ ಏಕೈಕ ಪರ್ವತವೆಂದರೆ ರಸ್ತೆ ಅಗೆದವರು ಮರೆತು ಬಿಟ್ಟುಹೋದ ಮಣ್ಣಿನ ಗುಡ್ಡೆ.)

ನಮ್ಮ ಫ್ಲ್ಯಾಟಿನಲ್ಲಿ ಒಂದು ಹಾಲ್, ಒಂದು ಕೋಣೆ, ಒಂದು ಅಡಿಗೆಮನೆ. ಅಷ್ಟರಲ್ಲಿ ನಾನು, ಶಿವಕುಮಾರಿ, ಕಾಲೇಜಿಗೆ ಹೋಗುವ ಮಗಳು ರೂಪಾಲಿ, ವಿಜಯಪುರದಿಂದ ಬಂದು ನಮ್ಮೊಡನೆ ಇರುವ ನನ್ನ ತಾಯಿ ಹಾಲವ್ವ. ಸೈಕಲ್ಲು ಫ್ರಿಜ್ಜಿಗೂ ಟೀವಿಗೂ ನಡುವೆ ಜಾಗ ಹಿಡಿಯಿತು. ಮಳೆಗಾಲ ಹತ್ತಿದ್ದೇ ತಡ, ಅದರ ಹ್ಯಾಂಡಲ್ ಮೇಲೆ ಟವೆಲ್ಲು, ಸೀಟಿನ ಮೇಲೆ ನನ್ನ ಬನಿಯನ್ನು, ನಡುವಿನ ದಂಡಿಗೆಯ ಮೇಲೆ ಅವ್ವನ ಸೀರೆ ಒಣಗತೊಡಗಿದವು. ಅದಕ್ಕೆ ಗೇರುಗಳಿವೆ ಎಂಬುದು ಮನೆಮಂದಿಗೆಲ್ಲ ಮರೆತೇಹೋಯಿತು.

ನಾನು ಹೊಡೆಯಲೇ ಇಲ್ಲವೆಂದಲ್ಲ. ಜೂನಿನಲ್ಲಿ ಒಂದು ಮುಂಜಾನೆ, ತುಂತುರು ಮಳೆಯಲ್ಲಿ, ಮಹಾ ಶೌರ್ಯದಿಂದ ಹೊರಟೆ. ಸ್ಟೇಶನ್ ರಸ್ತೆಯ ತಿರುವಿನಲ್ಲಿ ನನ್ನ ಬಲಗಾಲು ಪೆಡಲ್ ಮೇಲಿಂದ ಜಾರಿತು. ಪೆಡಲ್ ಮಾತ್ರ ಒಂದು ಸುತ್ತು ತಿರುಗಿ ಬಂದು ಮೊಣಕಾಲಿನ ಕೆಳಗಿನ ಎಲುಬಿಗೆ ಬಾರಿಸಿತು. ಕುಂಟುತ್ತ ಮನೆಗೆ ಬಂದು ನನ್ನ ತೀರ್ಪನ್ನು ಹೊರಡಿಸಿದೆ. ತಪ್ಪು ಸವಾರನದಲ್ಲ, ಪೆಡಲಿನದು. ಪ್ಲಾಸ್ಟಿಕ್ಕಿನ, ಸವೆದು ಸೋಪಿನ ಹಾಗಾದ ಪೆಡಲ್ಲುಗಳು. ಒಳ್ಳೆಯವು ಸಿಗುವ ತನಕ ನಾನು ಸೈಕಲ್ ಹತ್ತುವುದಿಲ್ಲ.

"ಕುಣ್ಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ," ಎಂದು ಶಿವಕುಮಾರಿ ನನ್ನ ಕಾಲಿಗೆ ಅರಿಶಿನ ಮೆತ್ತಿದಳು.

ಅಂದಿನಿಂದ ನನ್ನ ಸಂಶೋಧನೆ ಆರಂಭವಾಯಿತು. ನನಗೆ ಬೇಕಾದದ್ದು ಫ್ಲ್ಯಾಟ್ ಪೆಡಲ್. ಎರಡೂ ಮಗ್ಗುಲು ಚಪ್ಪಟೆ, ಅಂಗೈಯಷ್ಟು ಅಗಲ, ಬೂಟಿನ ತಳವನ್ನು ಕಚ್ಚಿ ಹಿಡಿಯಲು ಮೈಮೇಲೆಲ್ಲ ಪುಟ್ಟ ಪುಟ್ಟ ಉಕ್ಕಿನ ಪಿನ್ನುಗಳು. ಇದೊಂದು ಶಾಸ್ತ್ರವೇ ಸರಿ. ಲೋಕಲ್ ರೈಲಿನಲ್ಲಿ ಜೋತಾಡುತ್ತ, ಆಫೀಸಿನಲ್ಲಿ ಫೈಲಿನ ಹಿಂದೆ, ಊಟದ ತಾಟಿನ ಮುಂದೆ, ನಾನು ಪೆಡಲಿನ ವಿಡಿಯೋಗಳನ್ನು ನೋಡಿದೆ. ಸಿಂಗಾಪುರದ ಯಾವನೋ ಪುಣ್ಯಾತ್ಮ ಒಂದು ಪೆಡಲನ್ನು ಬಿಚ್ಚಿ ಮತ್ತೆ ಜೋಡಿಸುವುದನ್ನು ನೋಡುತ್ತ ನನಗೆ ಕಣ್ಣೀರು ಬಂದಿದ್ದೂ ಉಂಟು.

"ಏನ್ ನೋಡಾಕತ್ತೀರಿ ಅಷ್ಟು ಭಕ್ತಿಲೆ?"

"ಬೇರಿಂಗ್."

"ನಮ್ಮ ಮಿಕ್ಸರದ್ದೂ ಬೇರಿಂಗ್ ಹೋಗೇತಿ. ಅದರದೂ ಒಂದೀಟ ನೋಡ್ರಿ."

ಇಂಥ ಅರಸಿಕರ ನಡುವೆ ನನ್ನ ಅಧ್ಯಯನ ಸಾಗಿತು. ಒಳ್ಳೆಯ ಪೆಡಲಿನ ಬೆಲೆ ನನ್ನ ಸೈಕಲಿಗಿಂತ ಹೆಚ್ಚು. ಅಗ್ಗದ ಪೆಡಲಿನ ಕೆಳಗೆ ಜನ ಬರೆದ ಅಭಿಪ್ರಾಯಗಳನ್ನು ಓದಿದರೆ ಸೈಕಲ್ ಸಹವಾಸವೇ ಬೇಡವೆನಿಸುತ್ತದೆ. ಒಮ್ಮೆ ರೂಪಾಲಿ ನನ್ನ ಭುಜದ ಮೇಲಿಂದ ಇಣುಕಿ ಹೇಳಿದಳು: "ಪಪ್ಪಾ, ಈ ನೈಲಾನ್ ವಾಲಾ ತಗೋ ನಾ. ಸಸ್ತಾ ಭೀ ಅದ, ಚುಚ್ಚೋದು ಭೀ ಇಲ್ಲ."

"ನೈಲಾನ್‌ಲೇ ಹಗ್ಗಾ ಮಾಡ್ತಾರ ಮಗಾ, ಪೆಡಲ್ ಅಲ್ಲ," ಎಂದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬಾರದೆಂದು ವಿನಂತಿ.

ಗಣಪತಿ ಹಬ್ಬ ಕಳೆಯಿತು. ಸೈಕಲ್ ಮೇಲೆ ಈಗ ಹೊದಿಕೆಗಳೂ ಒಣಗುತ್ತಿದ್ದವು. ಒಂದು ಸಂಜೆ ಶಿವಕುಮಾರಿ ಸೊಂಟದ ಮೇಲೆ ಕೈಯಿಟ್ಟು ಹಾಲ್‌ನ ನಡುವೆ ನಿಂತಳು.

"ನೋಡ್ರಿ, ದಸರಾಕ್ಕ ನಮ್ಮ ಪ್ರಶಾಂತ ಊಟಕ್ಕ ಬರ್ತಾನ. ಅಂವಗ ಸೈಕಲ್ ಬೇಕಾಗೇತಿ. ಜೋಗೇಶ್ವರಿಯೊಳಗ ಅವನ ಮನಿಯಿಂದ ಕಾರ್ಖಾನಿಗೆ ರಿಕ್ಷಾಕ್ಕ ರೊಕ್ಕಾ ಸುರದ್ ಸುರದ್ ಸಾಕಾಗೇತಿ."

"ನನ್ನ ಸೈಕಲ್ ಯಾಕ?"

"ನಿಮ್ಮ ಸೈಕಲ್ ಆಗಿದ್ರ ನೀವು ಹೊಡೀತಿದ್ರಿ. ಇದು ಅರಿವಿ ಒಣಗಸೂ ಸ್ಟ್ಯಾಂಡ್ ಆಗೇತಿ. ಒಂದ ಮಾತು. ದಸರಾ ದಿನ ಮುಂಜಾನೆ ಸೈಕಲ್ ಮ್ಯಾಲೆ ದಾದರಕ್ಕ ಹೋಗಿ ಚೆಂಡ ಹೂವು, ಬನ್ನಿ ಎಲಿ ತರ್ರಿ. ತಂದ್ರ ಸೈಕಲ್ ಈ ಮನ್ಯಾಗಿರ್ತದ, ನಾ ಉಸುರ ಎತ್ತೂದಿಲ್ಲ. ಇಲ್ಲಾಂದ್ರ ಪ್ರಶಾಂತ ಒಯ್ತಾನ."

ಹೆಂಡತಿಯ ತಮ್ಮನಿಗೆ ಸೋಲುವುದಕ್ಕಿಂತ ದೊಡ್ಡ ಸೋಲು ಗಂಡಸಿನ ಬಾಳಿನಲ್ಲಿ ಇಲ್ಲ. ಮರುದಿನವೇ ಆಫೀಸು ಬಿಟ್ಟವನು ದಾದರಿನ ಗಲ್ಲಿಯೊಂದರ ಸೈಕಲ್ ಅಂಗಡಿಗೆ ನುಗ್ಗಿದೆ. ಅಲ್ಲಿ ನನ್ನ ಕನಸಿನ ಪೆಡಲ್ ಕುಳಿತಿತ್ತು. ಅಲ್ಯೂಮಿನಿಯಂ ಮೈ, ಸೀಲ್ ಮಾಡಿದ ಬೇರಿಂಗ್, ಪಿನ್ನುಗಳಂತೂ ಮುಳ್ಳುಹಂದಿಗೆ ಹೊಟ್ಟೆಕಿಚ್ಚು ತರಿಸುವಷ್ಟು. ಅಂಗಡಿಯವನು ಅರ್ಧ ಬೆಲೆಗೆ ಕೊಟ್ಟ. ಯಾಕೆಂದರೆ ಅದರ ಬಣ್ಣ ಕಣ್ಣಿಗೆ ಹೊಡೆಯುವ ಅರಿಶಿನ. ಮಳೆಗಾಲದುದ್ದಕ್ಕೂ ಯಾರೂ ಮುಟ್ಟಿರಲಿಲ್ಲ. ಅಂಗಡಿಯವನು ನನ್ನ ಹೆಬ್ಬೆರಳನ್ನು ಹಿಡಿದು ಒಂದು ಪಿನ್ನಿಗೆ ಒತ್ತಿ, "ಗ್ರಿಪ್ ದೇಖೋ ಸಾಬ್" ಎಂದ. ನಾನು ನೋಡಿದೆ. ಬೆರಳು ಚೀಪುತ್ತಲೇ ಕೊಂಡೆ.

ಹಳೆಯ ಪೆಡಲ್ ಬಿಚ್ಚುವುದು ಮಾತ್ರ ನಾನೆಣಿಸಿದಷ್ಟು ಸುಲಭವಾಗಲಿಲ್ಲ. ಬಲಗಡೆಯದು ಬಂತು. ಎಡಗಡೆಯದಕ್ಕೆ ನಟ್ಟು ಬಿಚ್ಚುವ ಪಾನಾ ಹಾಕಿ ಜಗ್ಗಿದೆ, ಒದ್ದೆ, ಪಾನಾದ ಮೇಲೆ ಹತ್ತಿ ನಿಂತೆ.

"ಉಲ್ಟಾ ತಿರುವಿ ನೋಡ್ರಿ," ಎಂದು ಅಡಿಗೆಮನೆಯಿಂದ ದನಿ ಬಂತು.

ಉಲ್ಟಾ ತಿರುವಿದೆ. ಬೆಣ್ಣೆಯಂತೆ ಬಿಚ್ಚಿಕೊಂಡಿತು. ನಿನಗೆ ಹೇಗೆ ಗೊತ್ತಾಯಿತೆಂದು ಕೇಳಿದರೆ, "ನಿಮ್ಮ ಜೋಡಿ ಬಾಳೇ ಮಾಡಾಕತ್ತೀನಿ. ಇಷ್ಟೂ ಗೊತ್ತಾಗೂದಿಲ್ಲೇನು?" ಎಂದಳು. ಹಳೆಯ ಪೆಡಲ್ಲುಗಳನ್ನು ಅವಳು ಎಸೆಯಲಿಲ್ಲ, ಒರೆಸಿ ಅಟ್ಟದ ಮೇಲಿಟ್ಟಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ದಸರೆಯ ಹಿಂದಿನ ದಿನ ಖಂಡೆ ಪೂಜೆ. ನಮ್ಮ ಕಡೆ ಅಂದು ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ. ಅವ್ವ ಈಳಿಗೆ, ಕತ್ತರಿ, ಸುತ್ತಿಗೆ, ಬೇರಿಂಗ್ ಹೋದ ಮಿಕ್ಸರು, ರೂಪಾಲಿಯ ಲ್ಯಾಪ್‌ಟಾಪು ಎಲ್ಲವನ್ನೂ ಸಾಲಾಗಿ ಇಟ್ಟು ವಿಭೂತಿ ಎಳೆದಳು. ಕೊನೆಗೆ ಸೈಕಲ್ ಎದುರು ನಿಂತು ಹೊಸ ಪೆಡಲ್ಲನ್ನು ಕಣ್ಣರಳಿಸಿ ನೋಡಿದಳು.

"ಚಂದ್ರಾಮಾ, ಅರಿಶಿಣದ ಬಣ್ಣದ್ದು ತಂದೀಯಲ್ಲೋ. ಭಾಳ ಚಲೋ ಮಾಡಿದಿ."

ಇಷ್ಟು ದಿನಕ್ಕೆ ನನ್ನ ಪೆಡಲ್ಲನ್ನು ಮೆಚ್ಚಿದ ಮೊದಲ ಜೀವ. ಆನಂದದಿಂದ ನಾನೇ ಆರತಿಯ ತಾಟು ಹಿಡಿದೆ. ಎರಡೂ ಪೆಡಲ್ಲುಗಳ ಎರಡೂ ಮಗ್ಗುಲಿನ ನಟ್ಟನಡುವೆ ವಿಭೂತಿ, ಅದರ ಮೇಲೆ ರೂಪಾಯಿಯಗಲ ಕುಂಕುಮ. ಹ್ಯಾಂಡಲ್ಲಿಗೆ ಹೂವಿನ ಸರ. ನಾನು ಕೈಮುಗಿದು ಜಯ ಬೇಡಿಕೊಂಡೆ.

ಮರುದಿನ ಬೆಳಿಗ್ಗೆ ಸ್ಪೋರ್ಟ್ಸ್ ಬೂಟು ಬಿಗಿದು, ಹೂವಿನ ಚೀಲ ಹೆಗಲಿಗೆ ಹಾಕಿ, ದಿಗ್ವಿಜಯಕ್ಕೆ ಸಿದ್ಧನಾದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಮೆಟ್ಟು ಯಾಕ ಹಾಕ್ಕೊಂಡಿ?"

"ಸೈಕಲ್ ಹೊಡ್ಯಾಕ ಎವ್ವಾ."

"ನಿನ್ನೆ ಪೂಜಾ ಮಾಡೇನಿ. ಮೈತುಂಬ ಕುಂಕುಮ ಐತಿ. ಅದರ ಮ್ಯಾಲೆ ಮೆಟ್ಟು ಇಡ್ತೀಯಾ, ಅದೂ ಹಬ್ಬದ ದಿನಾ?"

"ಎವ್ವಾ, ಪೆಡಲ್ ಇರೂದ ತುಳ್ಯಾಕ."

"ತುಳಿ. ಯಾರ ಬ್ಯಾಡ ಅಂದಾರ? ಬರಿಗಾಲ್ಲೆ ತುಳಿ."

ನಾನು ಪಿನ್ನುಗಳನ್ನು ನೋಡಿದೆ. ಪಿನ್ನುಗಳು ನನ್ನನ್ನು ನೋಡಿದವು. ಶಿವಕುಮಾರಿ ಹೋಳಿಗೆಯ ಕಣಕ ನಾದುತ್ತ ತಲೆ ಎತ್ತದೆ, "ಅತ್ತಿ ಹೇಳೂದು ಖರೆ ಐತಿ," ಎಂದಳು. ಅತ್ತೆ ಹೇಳುವುದು ಖರೆ ಎಂದು ಅವಳು ಒಪ್ಪಿದ್ದು ಮದುವೆಯಾದ ಮೇಲೆ ಇದೇ ಮೊದಲು.

ಬೂಟು ಬಿಚ್ಚಿದೆ. ಆದರೆ ನಾನೇನು ಕಡಿಮೆಯೇ? ಯಾರಿಗೂ ಕಾಣದಂತೆ ಚಪ್ಪಲಿಗಳನ್ನು ಹೂವಿನ ಚೀಲದೊಳಗೆ ಸೇರಿಸಿದೆ. ಮೂವರೂ ಬಾಲ್ಕನಿಯಿಂದ ನೋಡುತ್ತಿದ್ದರು. ಕಂಪೌಂಡಿನಲ್ಲಿ ಸೈಕಲ್ ಹೊಡೆಯಬಾರದೆಂಬ ಸೊಸೈಟಿಯ ಬೋರ್ಡನ್ನು ಮೊದಲ ಬಾರಿಗೆ ಗೌರವಿಸಿ, ತಳ್ಳಿಕೊಂಡೇ ಗೇಟು ದಾಟಿದೆ. ಮೂಲೆ ತಿರುಗಿದ್ದೇ ಚಪ್ಪಲಿ ಮೆಟ್ಟಿ, ಬಲಗಾಲನ್ನು ಪೆಡಲಿನತ್ತ ಎತ್ತಿದೆ.

ಕಾಲು ಗಾಳಿಯಲ್ಲೇ ನಿಂತಿತು.

ನಾನು ಆಫೀಸಿನ ಕ್ಯಾಂಟೀನಿನಲ್ಲಿ ಮೂಢನಂಬಿಕೆಯ ಮೇಲೆ ಭಾಷಣ ಬಿಗಿಯುವ ಮನುಷ್ಯ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ಅಪಶಕುನ ಎನ್ನುವವನು. ಆದರೆ ಆ ಕುಂಕುಮ, ಆ ವಿಭೂತಿ, ಅದರ ಮೇಲೆ ರಸ್ತೆಯ ಸಮಸ್ತ ಹೊಲಸು ಮೆತ್ತಿದ ನನ್ನ ಚಪ್ಪಲಿ. ಬುದ್ಧಿ ಇಡು ಎಂದಿತು, ಕಾಲು ಇಡೆನೆಂದಿತು. ಹಿಂದೆ ಟ್ಯಾಕ್ಸಿಯವನೊಬ್ಬ ಹಾರ್ನ್ ಒತ್ತುತ್ತಿದ್ದ. ಚಪ್ಪಲಿ ಕಳಚಿ ಬರಿಗಾಲಿನ ಹೆಬ್ಬೆರಳನ್ನು ಅಂಚಿನ ಒಂದು ಪಿನ್ನಿಗೆ ತಾಗಿಸಿದೆ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಗ್ರಿಪ್ ಅದ್ಭುತವಾಗಿತ್ತು.

ಹಾಗಾಗಿ ನಡೆದೆ. ವಡಾಲದಿಂದ ಮಾಟುಂಗಾ, ಮಾಟುಂಗಾದಿಂದ ದಾದರು, ಹೂವಿನ ಸರ ಹಾಕಿದ ಸೈಕಲನ್ನು ಹರಕೆಯ ಹೋತದಂತೆ ನಡೆಸಿಕೊಂಡು. ದಾರಿಯಲ್ಲಿ ಇಡೀ ಮುಂಬಯಿಗೆ ನನ್ನ ಚಿಂತೆ. "ಕಾಯ್ ಕಾಕಾ, ಪಂಚರ್?" ಎಂದು ಕೇಳಿದವರಿಗೆಲ್ಲ ಹೌದೆಂದೆ. ಒಬ್ಬ ಪರೋಪಕಾರಿ ಮಾತ್ರ ಬಿಡದೆ ಬಗ್ಗಿ ಎರಡೂ ಟೈರು ಹಿಸುಕಿ, "ಹವಾ ತೋ ಫುಲ್ ಹೈ," ಎಂದು ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

ದಾದರಿನ ಗದ್ದಲದಲ್ಲಿ ಚೆಂಡು ಹೂವು ಕೊಂಡೆ, ಬನ್ನಿಯೆಂದು ಇಲ್ಲಿ ಮಾರುವ ಎಲೆಯ ಕಟ್ಟು ಕೊಂಡೆ. ಮರಳಿ ಬರುವಾಗ ನನ್ನ ತಲೆ ಚುರುಕಾಗಿ ಓಡಿತು. ಸವಾರಿಗೆ ಪುರಾವೆ ಬೇಕಲ್ಲ? ಚೈನಿನ ಎಣ್ಣೆ ತೆಗೆದು ಪ್ಯಾಂಟಿನ ಅಂಚಿಗೆ ಒರೆಸಿಕೊಂಡೆ. ಗೇಟಿನ ಬಳಿಯ ನಲ್ಲಿಯಲ್ಲಿ ಅಂಗಿಯ ಬೆನ್ನು ತೋಯಿಸಿಕೊಂಡೆ. ಚಪ್ಪಲಿ ಹೂವಿನ ತಳಕ್ಕೆ ಹೋದವು. ಲಿಫ್ಟಿನಲ್ಲಿ ಏದುಸಿರು ಬಿಡುವ ಅಭ್ಯಾಸ ಮಾಡಿಕೊಂಡು ಮನೆ ಹೊಕ್ಕೆ.

ಪ್ರಶಾಂತ ಆಗಲೇ ಬಂದು ಸೋಫಾದ ಮೇಲೆ ಕುಳಿತಿದ್ದ. ಮಡಿಲಲ್ಲಿ ಹೆಲ್ಮೆಟ್ ಇತ್ತು. ಜೋಗೇಶ್ವರಿಯಿಂದ ಲೋಕಲ್ಲಿನಲ್ಲಿ ಬರುವವನಿಗೆ ಹೆಲ್ಮೆಟ್ ಯಾಕೆ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಹೆಂಗಿತ್ತು ಮಾಮಾ ಸವಾರಿ?"

"ಗಾಳಿ ಹೋದಂಗ ಹೋದೆ," ಎಂದು ಹೂವಿನ ಚೀಲ ಕೆಳಗಿಟ್ಟೆ. "ಪೆಡಲ್ ಅಂದ್ರ ಪೆಡಲ್. ಕಾಲಿಗೆ ಹಿಡಕೊಂಡ ಬಿಡ್ತಾವು."

ಶಿವಕುಮಾರಿ ನನ್ನ ಬೆನ್ನು ನೋಡಿದಳು. ಪ್ಯಾಂಟಿನ ಅಂಚು ನೋಡಿದಳು. ಆಮೇಲೆ ಸೈಕಲ್ ಬಳಿ ಕುಕ್ಕರಗಾಲಲ್ಲಿ ಕುಳಿತು ಪೆಡಲ್ಲನ್ನು ಮೆಲ್ಲಗೆ ತಿರುವಿ ಆ ಮಗ್ಗುಲು, ಈ ಮಗ್ಗುಲು ನೋಡಿದಳು.

"ಬೆವರು ಬಂದೈತಿ. ಎಣ್ಣೀನೂ ಹತ್ತೇತಿ. ಕುಂಕುಮ ಹಂಗ ಐತಲ್ರೀ?"

ನನ್ನ ಏದುಸಿರು ತಾನಾಗಿ ನಿಂತಿತು. ನಾಲ್ಕು ಬೊಟ್ಟುಗಳೂ ನಿನ್ನೆ ಹಚ್ಚಿದ ಹಾಗೆ ದುಂಡಗೆ, ಕೆಂಪಗೆ ನನ್ನತ್ತ ನೋಡುತ್ತಿದ್ದವು. ಹಗುರಾಗಿ ತುಳಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಬಂದಳು, ಬಗ್ಗಿ ನೋಡಿದಳು, ಅವಳ ಕಣ್ಣು ತುಂಬಿದವು.

"ನನ್ನ ಮಗಾ ತುಳದಿಲ್ಲವಾ. ಬರಿಗಾಲ್ಲೆ ಸುದ್ದಾ ತುಳದಿಲ್ಲ. ಹೋಗಿ ಬರೂದೂ ನಡಕೊಂತ ಬಂದಾನ. ನೀವೆಲ್ಲಾ ಅಂವಗ ದೇವರ ಮ್ಯಾಲೆ ಭಕ್ತಿಲ್ಲ ಅಂತಿದ್ರಿ."

ತಾಯಿ ಹೀಗೆ ಹೊಗಳುವಾಗ ಸುಳ್ಳೆನ್ನಲು ಯಾವ ಮಗನಿಗೆ ಸಾಧ್ಯ? ನಾನು ತಲೆ ಬಾಗಿಸಿ ನಿಂತೆ. ಅವ್ವ ನನ್ನ ಹಣೆಗೆ ವಿಭೂತಿ ಹಚ್ಚಿ ನೆಟಿಗೆ ಮುರಿದಳು. ರೂಪಾಲಿ ಹೂವು ತೆಗೆಯಲು ಚೀಲಕ್ಕೆ ಕೈ ಹಾಕಿ ಚಪ್ಪಲಿ ಎತ್ತಿ ಹಿಡಿದಳು. ಆ ಮಾತು ಇಲ್ಲಿಗೆ ಸಾಕು.

ಹೋಳಿಗೆ ಊಟ ಮುಗಿಯಿತು. ಬನ್ನಿ ಕೊಟ್ಟು ಬಂಗಾರದಂಗ ಇರೋಣೆಂದು ಎಲ್ಲರೂ ಕೈ ಮುಟ್ಟಿದೆವು. ಶಿವಕುಮಾರಿ ಅಟ್ಟದಿಂದ ಒರೆಸಿಟ್ಟ ಪ್ಲಾಸ್ಟಿಕ್ ಪೆಡಲ್ಲುಗಳನ್ನು ಇಳಿಸಿದಳು. "ಹೊಸಾವು ನಿಮ್ಮ ಕಡೆ ಇರ್ಲಿ ಮಾಮಾ, ನಾ ಹವಾಯಿ ಚಪ್ಪಲ್ ಮನಷ್ಯಾ," ಎಂದು ಪ್ರಶಾಂತ ಔದಾರ್ಯ ತೋರಿದ. ಪಾನಾ ಹಿಡಿದು ಪೆಡಲ್ ಬದಲಿಸಿದ್ದು ನಾನೇ. ಈ ಸಲ ಎಡಗಡೆಯದನ್ನು ಮೊದಲಿಗೇ ಉಲ್ಟಾ ತಿರುವಿದೆ.

ಈಗ ದೀಪಾವಳಿ ಹತ್ತಿರ ಬಂದಿದೆ. ಮನೆಯಲ್ಲಿ ಕಡಕ್ ಪುರಿ ಮಾಡುತ್ತಿದ್ದಾರೆ. ಎಣ್ಣೆಯಲ್ಲಿ ಉಬ್ಬದಂತೆ ಒಂದೊಂದು ಪುರಿಗೂ ಮೊದಲೇ ತೂತು ಬೀಳಬೇಕು. ಮುಳ್ಳುಚಮಚದಿಂದ ಚುಚ್ಚುತ್ತ ಕುಳಿತರೆ ದಿನವೇ ಬೇಕು. ನನ್ನ ಪೆಡಲ್ಲನ್ನು ಬಿಸಿನೀರಿನಲ್ಲಿ ತೊಳೆದು ಒಮ್ಮೆ ಒತ್ತಿದರೆ ಸಾಕು, ಪುರಿಯ ಮೈತುಂಬ ತೂತು. ಪೆಡಲ್ ಅಡಿಗೆಮನೆಗೆ ಬರಬಹುದೇ ಎಂದು ನಾನೇ ಧರ್ಮಸೂಕ್ಷ್ಮ ಎತ್ತಿದ್ದೆ. ಅವ್ವ ತೀರ್ಪು ಕೊಟ್ಟಳು: "ಪೂಜಾ ಆದದ್ದು. ಯಾರ ಕಾಲೂ ಹತ್ತಿಲ್ಲ. ಮಡಿ ಐತಿ."

ಹಾಗಾಗಿ ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಎರಡು ಕೈಯಲ್ಲಿ ಎರಡು ಪೆಡಲ್ ಹಿಡಿದು ಕುಳಿತಿದ್ದೇನೆ. ಪ್ರಶಾಂತ ಭಾನುವಾರ ಅದೇ ಸೈಕಲಿನಲ್ಲಿ ಆರೇ ಕಾಲನಿಯ ಏರು ಹತ್ತಿ ಫೋಟೋ ಕಳಿಸಿದ್ದಾನೆ, ಹವಾಯಿ ಚಪ್ಪಲಿಯಲ್ಲಿ. ಅದನ್ನು ನೋಡುತ್ತ ನನ್ನ ಕೈ ಸ್ವಲ್ಪ ನಿಧಾನವಾಯಿತು.

"ಯಾಕ ನಿಂತ್ರಿ?" ಎಂದಳು ಶಿವಕುಮಾರಿ, ಲಟ್ಟಿಸಿದ ಪುರಿಗಳ ಇನ್ನೊಂದು ತಾಟನ್ನು ನನ್ನ ಮುಂದೆ ಸರಿಸುತ್ತ. "ತುಳೀರಿ, ತುಳೀರಿ. ದಾದರ ಇನ್ನೂ ದೂರ ಐತಿ."