ಶಂಭುಲಿಂಗನ ಮೆತ್ತನೆಯ ಬ್ರಷ್ಷು

ಮಂಗಳವಾರ ಬೆಳಿಗ್ಗೆ ಬಂದ ಪಾರ್ಸಲ್ ಬಿಚ್ಚಿದಾಗ ಶಂಭುಲಿಂಗನ ನೆತ್ತಿಗೇರಿದ ಸಿಟ್ಟು ಆ ದಿನವೆಲ್ಲ ಇಳಿಯಲಿಲ್ಲ. ಪೆಟ್ಟಿಗೆಯ ಮೇಲೆ ಬ್ಯಾಡ್ಜರ್ ಎಂಬ ಪರದೇಶದ ಪ್ರಾಣಿಯ ಚಿತ್ರವಿತ್ತು. ಒಳಗೆ ಕರಿ ಹಿಡಿಕೆಯ ಶೇವಿಂಗ್ ಬ್ರಷ್ ಇತ್ತು. ಅನುಮಾನ ಬಂದು ಒಂದು ಕೂದಲು ಕಿತ್ತು ಗ್ಯಾಸಿನ ಉರಿಗೆ ಹಿಡಿದ. ಖರೇ ಕೂದಲಾದರೆ ಸುಟ್ಟ ವಾಸನೆ ಬರಬೇಕಿತ್ತು. ಇದು ಮೇಣದಂತೆ ಕರಗಿ ಒಲೆಯ ಮೇಲೆ ತೊಟ್ಟಿಕ್ಕಿತು.

"ನೈಲಾನ್! ಇವರ ಮನಿ ಹಾಳಾಗ!" ಎಂದು ಬ್ರಷ್ಷನ್ನು ಅಡಿಗೆಕಟ್ಟೆಯ ಮೇಲೆ ಒಗೆದ. ಅದು ಉರುಳುತ್ತ ಹೋಗಿ ಮಿಕ್ಸರಿಗೆ ತಾಗಿ ನಿಂತಿತು. ಅವನ ತಾಯಿ ಗದಿಗೆವ್ವ ಅದನ್ನೆತ್ತಿ ಅಂಗೈ ಮೇಲೆ ಆಡಿಸಿ ನೋಡಿದಳು.

"ಯಾಕ ಒಗೀತೀಯೋ ತಮ್ಮಾ? ಮಿಕ್ಸರಿನ ಖಾರ ಬಳಿಯಾಕ ನನಗ ಬೇಕಾಗಿತ್ತು."

"ಇಟಗೋ! ನನ್ನ ಮಾರಿಗೆ ಬ್ಯಾಡಾದದ್ದೆಲ್ಲಾ ನಿನ್ನ ಖಾರಕ್ಕಾಗಲಿ!"

ಶಂಭುಲಿಂಗ ಸುಮ್ಮಸುಮ್ಮನೆ ಸಿಡುಕುವ ಮನುಷ್ಯನಲ್ಲ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹನ್ನೆರಡು ವರ್ಷದಿಂದ ಮೆಣಸಿನಕಾಯಿ ಚೀಲಕ್ಕೆ ಕೈಹಾಕಿ ಮಾಲು ನೋಡುವುದೇ ಅವನ ಕೆಲಸ. ನಾಲ್ಕು ಸಲ ಸಾಬೂನು ಹಚ್ಚಿ ತೊಳೆದರೂ ಆ ಕೈಯ ಖಾರ ಹೋಗುವುದಿಲ್ಲ. ಅದೇ ಕೈಯಿಂದ ಕೆನ್ನೆಗೆ ನೊರೆ ಹಚ್ಚಿದರೆ ಮುಖ ಧಗಧಗ ಉರಿಯುತ್ತದೆ. ಬ್ರಷ್ಷಿನಿಂದ ಹಚ್ಚೋಣವೆಂದರೆ ನೈಲಾನ್ ಕೂದಲು ಗೀರಿ ಗುಳ್ಳೆ ಏಳುತ್ತವೆ. ಹೋದ ವಾರ ಹಾವೇರಿಯ ಡಾಕ್ಟರು ಹೇಳಿದ್ದರು: "ಒಂದು ವಾರ ಗಡ್ಡ ತಗೀಬ್ಯಾಡ. ಕೈಲೆ ಮಾರಿ ಮುಟ್ಟಬ್ಯಾಡ. ಆಮ್ಯಾಲೆ ಬ್ಯಾಡ್ಜರ್ ಕೂದಲದ ಬ್ರಷ್ ತಗೋ, ಭಾಳ ಮೆತ್ತಗಿರತೈತಿ." ಅದಕ್ಕೇ ಆನ್‌ಲೈನಿನಲ್ಲಿ ತರಿಸಿದ್ದು, ಅದಕ್ಕೇ ಈ ಮೋಸ.

ಇವತ್ತೇ ಸಂಜೆ ನಾಲ್ಕಕ್ಕೆ ಗುತ್ತಲದಿಂದ ದ್ರಾಕ್ಷಾಯಿಣಿ ಎಂಬ ಹುಡುಗಿಯ ಮನೆಯವರು ಅವನನ್ನು ನೋಡಲು ಬರುವವರಿದ್ದರು. ಹುಡುಗಿಯೂ ಬರುತ್ತಾಳಂತೆ. ಶಂಭುಲಿಂಗನಿಗೆ ಮೂವತ್ತಾರು. ಈಗಾಗಲೇ ಐದು ಹುಡುಗಿಯರು ಬೇಡವೆಂದಿದ್ದರು. ಐದನೆಯವಳಂತೂ "ಮಾರಿ ತುಂಬ ಗುಳ್ಳಿ, ಏನೋ ರೋಗ ಇರಬೇಕು" ಎಂದು ಎಲ್ಲರೆದುರಿಗೇ ಅಂದಿದ್ದಳು. ಆ ಮಾತು ಅವನ ಎದೆಯಲ್ಲಿ ಇನ್ನೂ ಚುಚ್ಚುತ್ತಿತ್ತು. ಕಟಿಂಗ್ ಅಂಗಡಿಗೆ ಹೋಗೋಣವೆಂದರೆ ಮಂಗಳವಾರ ಅವೆಲ್ಲ ಬಂದ್.

ಸಂಬಂಧ ತಂದ ಸೋದರಮಾವ ಪ್ರಭುಲಿಂಗಪ್ಪನಿಗೆ ಫೋನು ಹಚ್ಚಿ ಒದರಿದ. "ಮಾವಾ, ಅವರಿಗೆ ಶ್ರಾವಣದ ಗಡ್ಡದ ಫೋಟೋ ಯಾಕ ಕಳಿಸಿದಿ? ಅದರಾಗ ನಾ ಕಳ್ಳನ ಹಂಗ ಕಾಣತೇನಿ!"

"ನನ್ನ ಹತ್ರ ಇದ್ದದ್ದ ಅದೊಂದು. ಬರೂದಂತೂ ಬರಾಕತ್ತಾರಲ್ಲ? ನುಣ್ಣಗ ತಯಾರಾಗಿರು" ಎಂದು ಮಾವ ಫೋನು ಇಟ್ಟ.

ರಜೆ ಹಾಕಿ ಹಾವೇರಿಯ ಬಸ್ಸು ಹತ್ತಿದ. ಅಲ್ಲಿನ ಫ್ಯಾನ್ಸಿ ಅಂಗಡಿಯವ ಗಾಜಿನ ಕಪಾಟಿನಿಂದ ಒಂದು ಬ್ರಷ್ಷನ್ನು ತೊಟ್ಟಿಲ ಕೂಸಿನ ಹಾಗೆ ಎತ್ತಿಕೊಂಡು ಬಂದ.

"ಖರೇ ಬ್ಯಾಡ್ಜರ್ ನೋಡ್ರಿ. ಕೂದಲದ ತುದಿ ಬೆಳ್ಳಗ ಐತಿ, ಇದ ಎಲ್ಲಾದ್ರಕಿಂತ ಉಚ್ಚ ಮಾಲು. ಎರಡು ಸಾವಿರದ ನಾಲ್ಕುನೂರು."

"ನಾ ಏನು ದಿನಾ ಮದಿವಿ ಆಗಾಂವೇನ್ರಿ? ಬಡವರಿಗೆ ಆಗೂವಂಥಾದ್ದು ತೋರಸ್ರಿ."

"ಇದು ನೂರಾ ಎಂಬತ್ತು. ಹಂದಿ ಕೂದಲಾ."

ಶಂಭುಲಿಂಗ ಎರಡು ಹೆಜ್ಜೆ ಹಿಂದೆ ಸರಿದ. "ಲಿಂಗ ಕಟ್ಟಿದ ಕೊರಳ ಮ್ಯಾಲೆ ಹಂದಿ ಕೂದಲಾ ಆಡಸಂತೀರೇನು?"

"ಅದೂ ಪ್ರಾಣಿನ, ಇದೂ ಪ್ರಾಣಿನ. ನಿಮ್ಮ ಬ್ಯಾಡ್ಜರ್ ಏನು ವಿಭೂತಿ ಹಚ್ಚತೈತೇನ್ರಿ?"

ಅಂಗಡಿಯವ ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ಶಂಭುಲಿಂಗನಿಗೆ ಇನ್ನಷ್ಟು ಸಿಟ್ಟು ಬಂತು. ಕೌಂಟರಿಗೆ ಒಂದು ಗುದ್ದು ಗುದ್ದಿ, ಕೈ ನೋಯಿಸಿಕೊಂಡು, ರಾಣೆಬೆನ್ನೂರಿನ ಬಸ್ಸು ಹಿಡಿದ. ನಿಂತೇ ಹೋಗಬೇಕಾಯಿತು. ಪಕ್ಕದಲ್ಲಿ ಕೂತ ಮುದುಕಿ ಅವನ ಮುಖವನ್ನೇ ದಿಟ್ಟಿಸಿ "ಬೇವಿನ ಎಲಿ ಹಚ್ಚೋ ಯಪ್ಪಾ" ಅಂದಳು. ಅವನು ಹಲ್ಲು ಕಡಿದು ಕಿಟಕಿಯ ಹೊರಗೆ ನೋಡಿದ.

ರಾಣೆಬೆನ್ನೂರಿನಲ್ಲಿ ಮೂರು ಅಂಗಡಿಯವರು ಇಲ್ಲವೆಂದರು. ನಾಲ್ಕನೆಯವ ಕೈಸರ. ಕಟಿಂಗ್ ಅಂಗಡಿಗಳಿಗೆ ಕತ್ತರಿ, ಬ್ಲೇಡು ಮಾರುವವನು. ಅವನಿಗೆ ಬ್ರಷ್ಷಿನ ವಿದ್ಯೆ ಗೊತ್ತಿತ್ತು.

"ಬ್ಯಾಡ್ಜರಿನ್ಯಾಗ ಮೂರು ನಮೂನಿ ಇರತಾವ್ರಿ. ಬಿಳಿ ತುದಿದು ತುಟ್ಟಿ. ನಡುವಿಂದು ಅದಕಿಂತ ಸ್ವಲ್ಪ ಕಡಿಮಿ. ಈ ಕರಿ ಕೂದಲದ್ದು ಎಲ್ಲಾದ್ರಕಿಂತ ಅಗ್ಗ, ಒಂದೀಟು ಒರಟು, ಆದ್ರ ನೈಲಾನಿನ ಹಂಗ ಗೀರೂದಿಲ್ಲ. ಯಾರೋ ತರಿಸಿ ಬಿಟ್ಟು ಹೋಗ್ಯಾರ. ಏಳುನೂರು ಕೊಡ್ರಿ."

ತಾನೇ ಒಂದು ಕೂದಲು ಕಿತ್ತು ಕಡ್ಡಿ ಗೀರಿ ಸುಟ್ಟು ತೋರಿಸಿದ. ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿದಾಗ ಶಂಭುಲಿಂಗನಿಗೆ ಅತ್ತರು ಮೂಸಿದಷ್ಟು ಸಂತೋಷವಾಯಿತು.

"ಒಂದ ಮಾತು ನೆನಪಿಡ್ರಿ" ಎಂದ ಕೈಸರ. "ಈ ಕೂದಲಾ ಹಿಡಿದದ್ದನ್ನ ಲಗೂ ಬಿಡೂದಿಲ್ಲ. ನೀರಿರಲಿ, ಸಾಬೂನಿರಲಿ, ಹೊಟ್ಟಿಯೊಳಗ ಇಟ್ಟುಕೊಂಡ ಬಿಡತೈತಿ. ಚೊಲೋತಂಗ ತೊಳೀರಿ."

ಬ್ಯಾಡಗಿಗೆ ಬಂದಾಗ ಎರಡೂವರೆ. ಕೋಲ್ಡ್ ಸ್ಟೋರೇಜಿನ ಕೀಲಿ ಅವನ ಜೇಬಿನಲ್ಲೇ ಉಳಿದಿತ್ತು, ಮಾಲೀಕ ಎಂಟು ಸಲ ಫೋನು ಮಾಡಿ, ಏಳುನೂರರ ಬ್ರಷ್ಷಿನ ಸುದ್ದಿಯನ್ನೂ ಕೇಳಿಕೊಂಡು ಎಲ್ಲರಿಗೂ ಹೇಳಿದ್ದ. ಕೀಲಿ ಕೊಟ್ಟು ಓಡಬೇಕೆಂದು ಒಳಗೆ ಕಾಲಿಟ್ಟದ್ದೇ ತಪ್ಪಾಯಿತು. ಹಮಾಲರ ಹಿರಿಯ ಜಟ್ಟೆಪ್ಪ, ತೂಕ ಮಾಡುವ ಫಕ್ಕೀರಸಾಬ, ಇಬ್ಬರೂ ಮೊಣಕೈತನಕ ಕೆಂಪು ಧೂಳಿನಲ್ಲಿ ಬಂದು ಮುತ್ತಿದರು.

"ಏಳುನೂರಂತ! ಎಂಥಾದ್ದಪಾ ಅದು, ತೋರಸು" ಎಂದು ಜಟ್ಟೆಪ್ಪ ಕೈ ಚಾಚಿದ.

"ಮುಟ್ಟಿದ್ರ ಕೈ ಕಡದೇನು!" ಶಂಭುಲಿಂಗ ಬ್ರಷ್ಷನ್ನು ತಲೆಯ ಮೇಲೆತ್ತಿ ಹಿಡಿದು ಚೀಲದ ರಾಶಿ ಹತ್ತಿದ. "ಖಾರದ ಕೈ ತಗೊಂಡು ದೂರ ನಿಲ್ರಿ! ಎಲ್ಲಾರೂ ದೂರ!"

"ಬ್ರಷ್ಷಿಗೆ ಇಷ್ಟು ಕಾವಲಾದ್ರ, ನಾಳೆ ಹೆಣ್ತಿ ಬಂದ್ರ ಓಣಿಗೆಲ್ಲಾ ಬೇಲಿ ಹಾಕತಿ ಬಿಡು ಶಂಭಣ್ಣ" ಎಂದ ಫಕ್ಕೀರಸಾಬ. ಎಲ್ಲರೂ ಹೋ ಎಂದು ನಕ್ಕರು. ನಗಲಿ, ಸಾಯಲಿ! ಕೀಲಿಯನ್ನು ಅಲ್ಲಿಂದಲೇ ಎಸೆದು, ರಾಶಿಯ ಹಿಂಬದಿಯಿಂದ ಜಿಗಿದು, ಶಂಭುಲಿಂಗ ಮನೆಯ ದಾರಿ ಹಿಡಿದ. ಒಬ್ಬರ ಬೆರಳೂ ಬ್ರಷ್ಷಿಗೆ ತಾಕಿರಲಿಲ್ಲ.

ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಆಗಲೇ ಕೂತಿದ್ದರು. ಅವರ ಕೈಗೆ ಸಿಗದಿರಲೆಂದು ಬ್ರಷ್ಷನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಜಳಕಕ್ಕೆ ಹೋದ. ಜಳಕ ಮುಗಿಸಿ ಬಂದು ನೋಡಿದರೆ ಬ್ರಷ್ಷು ಇಟ್ಟಲ್ಲೇ ಇತ್ತು. ಬಿಸಿನೀರಲ್ಲಿ ಅದ್ದಿ, ಬಚ್ಚಲಿನ ಮಂದ ಬೆಳಕಿನಲ್ಲಿ ಕನ್ನಡಿ ನೇತುಹಾಕಿಕೊಂಡು ನೊರೆ ಎಬ್ಬಿಸಿದ. ಆಹಾ, ಎಂಥ ಮೆತ್ತಗೆ! ಕೆನ್ನೆಗೆ, ಗದ್ದಕ್ಕೆ, ಕೊರಳಿಗೆ ತಿರುಗಿಸಿ ತಿರುಗಿಸಿ ಹಚ್ಚಿದ. ಬಲಗಡೆಯ ಕೆನ್ನೆಯ ಗಡ್ಡ ಪೂರ್ತಿ ತೆಗೆದ.

ಆಮೇಲೆ ಹತ್ತಿತು ನೋಡಿ ಉರಿ.

"ಯವ್ವಾ, ಸತ್ತೆ!" ಎಂಬ ಕೂಗಿಗೆ ಓಣಿಯ ಹೆಂಗಸರೆಲ್ಲ ಎದ್ದು ಬಂದರು. ಗದಿಗೆವ್ವ ಓಡಿಬಂದು ಬ್ರಷ್ಷನ್ನೆತ್ತಿ ಮೂಸಿದಳು. ಬಾಯಿಯ ಮೇಲೆ ಕೈಯಿಟ್ಟಳು.

"ಅಯ್ಯ, ಶಿವನ! ಇದು ಮುಂಜಾನೆ ನೀ ಒಗದದ್ದ ಅಂತ ತಿಳದಿದ್ನಲ್ಲೋ! ಬೀಗರಿಗೆ ಮಿರ್ಚಿ ಭಜಿ ಜೋಡಿ ಚಟ್ನಿ ಮಾಡಬೇಕಂತ ಖಾರ ರುಬ್ಬಿದ್ನೋ. ಇದರಲೆ ಬಳದು, ಝಾಡಿಸಿ ಇಟ್ಟೆ. ಎರಡೂ ಕರಿ ಹಿಡಕಿವು, ನನಗೇನು ಗೊತ್ತು?"

"ಊರ ಖಾರ ತಪ್ಪಿಸಿಕೊಂಡು ಬಂದೆ! ನಿನ್ನ ಖಾರಕ್ಕ ಸಿಕ್ಕೆ!" ಶಂಭುಲಿಂಗ ಕುಣಿಯುತ್ತಿದ್ದ. ಎಡಗೆನ್ನೆಗೆ ಬ್ಲೇಡು ತಾಗಿಸುವ ಮಾತೇ ಇರಲಿಲ್ಲ. ನೀರು ಸುರಿದಷ್ಟೂ ಉರಿ ಹರಡಿತು. ಕೊನೆಗೆ ಗದಿಗೆವ್ವ ಗಡಿಗೆಯ ಮೊಸರನ್ನೆಲ್ಲ ಅವನ ಮುಖಕ್ಕೆ ಬಳಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು.

ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಮೊಸರು ಒರೆಸಿಕೊಂಡು, ಒಂದು ಬದಿ ನುಣ್ಣಗೆ ಕೆಂಪಗೆ, ಇನ್ನೊಂದು ಬದಿ ವಾರದ ಕರಿ ಗಡ್ಡ ಹೊತ್ತು, ಎರಡೂ ಕಣ್ಣಲ್ಲಿ ನೀರು ಸುರಿಸುತ್ತ ಶಂಭುಲಿಂಗ ಪಡಸಾಲೆಯಲ್ಲಿ ಕುಳಿತ. ಹುಡುಗಿಯ ತಂದೆ ಬಾಯಿ ತೆರೆದವರು ಮುಚ್ಚಲಿಲ್ಲ. ಅವರೊಡನೆ ಬಂದಿದ್ದ ಪ್ರಭುಲಿಂಗಪ್ಪ ಗೋಡೆಯ ಕಡೆ ಮುಖ ಮಾಡಿದ. ಆರನೆಯದೂ ಹೋಯಿತು ಎಂದುಕೊಂಡ ಶಂಭುಲಿಂಗ. ಅವನಿಗೆ ನಿಜವಾಗಿ ಅಳು ಬಂತು, ಆದರೆ ಆಗಲೇ ಹರಿಯುತ್ತಿದ್ದ ಕಣ್ಣೀರಿನಲ್ಲಿ ಅದು ಯಾರಿಗೂ ಕಾಣಲಿಲ್ಲ.

ಗುತ್ತಲದಲ್ಲಿ ಹೊಲಿಗೆ ತರಗತಿ ನಡೆಸುವ ದ್ರಾಕ್ಷಾಯಿಣಿ ಮಾತ್ರ ಅವನನ್ನು ಬಲಗಡೆಯಿಂದ ಒಮ್ಮೆ, ಎಡಗಡೆಯಿಂದ ಒಮ್ಮೆ, ಬಟ್ಟೆಯ ಅಳತೆ ನೋಡುವ ಹಾಗೆ ನೋಡಿದಳು.

"ಅಪ್ಪಾ, ನಾ ಫೋಟೋ ನೋಡಿ ಒಪ್ಪಿ ಬಂದಿದ್ದೆ. ಗಡ್ಡದಾಗ ಭಾಳ ಚೊಲೋ ಕಾಣಸ್ತಿದ್ರು. ಈ ಎಡಗಡೆಯವ್ರು ನನಗ ಈಗೂ ಒಪ್ಪಿಗಿ ಅದಾರ" ಎಂದು ನಿಧಾನವಾಗಿ ಹೇಳಿದಳು. "ಆ ಬಲಗಡೆಯವ್ರು ಬ್ಯಾಡ."

ಹುಡುಗಿಯ ತಂದೆ ಕೆಮ್ಮಿ ಎದ್ದು ನಿಂತರು. "ಹಂಗಾದ್ರ ಎರಡೂ ಕಡೆ ಒಂದ ನಮೂನಿ ಆದ ಮ್ಯಾಲೆ ಹೇಳಿ ಕಳಸ್ರಿ. ಆದ್ರ ಲಗೂ ಆಗಲಿ. ಮುಂದಿನ ಆಯಿತವಾರ ರಾಣೆಬೆನ್ನೂರಿನವರು ಅಕಿನ್ನ ನೋಡಾಕ ಬರವರದಾರ. ಆ ಹುಡುಗಗೂ ಗಡ್ಡ ಐತಂತ."

ಕಾರು ಹೋಯಿತು. ಶಂಭುಲಿಂಗ ಬಲಗೆನ್ನೆಯನ್ನು ಮೆಲ್ಲಗೆ ಸವರಿಕೊಂಡ. ಕೈಯ ಖಾರ ತಾಗಿ ಮತ್ತೆ ಉರಿ ಎದ್ದಿತು. ಐದು ದಿನದಲ್ಲಿ ಅಲ್ಲಿ ಎಷ್ಟು ಗಡ್ಡ ಬಂದೀತು!

ಒಳಗಿನಿಂದ ಗದಿಗೆವ್ವನ ದನಿ ಕೇಳಿತು. "ತಮ್ಮಾ, ಇನ್ನ ಗಡ್ಡಾನ ಬಿಡತೀಯಲ್ಲ? ಈ ಏಳುನೂರಿಂದು ನನಗಿರಲಿ. ಅದಕಿಂತ ಇದ ಖಾರ ಚೊಲೋ ಬಳಿತೈತಿ."