ಹುಳುಮನೆಯೊಳಗಿನ ಮಳೆ

ಗುಂಡ್ಲುಪೇಟೆ ಕಡೆಯವರಿಗೆ ಆನೆಯ ಭಯ. ಹೇಳಿಕೊಂಡರೆ ಜನ ಮರ್ಯಾದೆಯಿಂದ ಕೇಳುತ್ತಾರೆ. ನನ್ನದು ನೀರು ತೊಟ್ಟಿಕ್ಕುವ ಸದ್ದಿನ ಭಯ. ಬಚ್ಚಲ ನಲ್ಲಿ ಸರಿಯಾಗಿ ನಿಲ್ಲದಿದ್ದರೆ ಊಟ ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತೇನೆ. ಡಾಕ್ಟರ ಬಳಿ ಹೇಳಿಕೊಂಡೆ. ಅವರು ವಾಷರ್ ಬದಲಿಸಲು ಹೇಳಿದರು. ಆಮೇಲೆ ಯಾರಿಗೂ ಹೇಳಿಲ್ಲ.

ಈ ಭಯ ಹತ್ತಿದ್ದು ಉಮ್ಮತ್ತೂರಿನಲ್ಲಿ, ಅಕ್ಕನ ರೇಷ್ಮೆ ಹುಳುಮನೆಯಲ್ಲಿ. ನಾನು ಚಾಮರಾಜನಗರದಲ್ಲಿ ಕಾಲೇಜು ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವನು. ಬೇಸಿಗೆಯಲ್ಲಿ ಹುಳುಗಳಿಗೆ ತಂಪಿರಲೆಂದು ಅಕ್ಕ ಕಿಟಕಿಗಳಿಗೆ ಗೋಣಿತಾಟು ಕಟ್ಟಿ, ಗಳಿಗೆಗೊಮ್ಮೆ ಚೊಂಬಿನಿಂದ ನೀರು ಚಿಮುಕಿಸುತ್ತಿದ್ದಳು. ಓದಿದ ತಮ್ಮನಿರುವಾಗ ಅಕ್ಕ ಚೊಂಬು ಹಿಡಿಯುವುದೇ? ಹಳೆಯ ಕಾರಿನ ಗಾಜಿಗೆ ನೀರು ಚಿಮ್ಮಿಸುವ ಪುಟ್ಟ ಪಂಪು ತಂದು, ಗೋಣಿಗೆ ನೀರು ಬೀಳುವಂತೆ ಕಟ್ಟಿದೆ. ಅದನ್ನು ಆಗಾಗ ನಡೆಸಿ ನಿಲ್ಲಿಸಲು ಟ್ರಾನ್ಸಿಸ್ಟರನ್ನೇ ಸ್ವಿಚ್ಚಾಗಿಸಿದ ಪೆಟ್ಟಿಗೆಯೊಂದನ್ನು ಮಾಡಿ, ಕರೆಂಟು ಹೋದಾಗ ಟಿ.ವಿ. ನೋಡಲು ಭಾವ ಇಟ್ಟಿದ್ದ ಬ್ಯಾಟರಿಗೆ ಜೋಡಿಸಿದೆ.

"ಗೋಣಿ ನೆನೀಬೇಕು, ಸೊಪ್ಪು ನೆನೀಬಾರ್ದು ಕಣಪ್ಪ. ನೆಂದ ಸೊಪ್ಪು ತಿಂದ್ರೆ ಹುಳ ಸತ್ತೋಯ್ತವೆ" ಎಂದಳು ಅಕ್ಕ.

ಭಾವ ಪಂಪು ನೋಡಿ, "ಪನ್ನೀರು ಚಿಮುಕ್ಸೋದು ಕಣ್ಲಾ ಇದು! ಹುಳಕ್ಕೂ ಒಂದ್ ಮದ್ವೆ ಮಾಡ್ಬುಡು" ಎಂದರು.

ಮೋಟಾರು ಎಷ್ಟೇ ಚಿಕ್ಕದಿರಲಿ, ಕರೆಂಟು ತಪ್ಪಿದ ಕ್ಷಣ ಅದರ ತಂತಿಸುರುಳಿ ಹಿಂದಕ್ಕೊಮ್ಮೆ ಜೋರಾಗಿ ಒದೆಯುತ್ತದೆ. ಆ ಒದೆತ ಟ್ರಾನ್ಸಿಸ್ಟರಿಗೆ ತಗಲದಿರಲೆಂದು ಮೋಟಾರಿಗೆ ಅಡ್ಡಲಾಗಿ, ತಿರುಗುಮುರುಗಾಗಿ, ಒಂದು ಡಯೋಡ್ ಹಾಕಬೇಕು. ಕಡಲೆಕಾಳಿಗಿಂತ ಚಿಕ್ಕ ವಸ್ತು. ವರ್ಷವರ್ಷವೂ ಹುಡುಗರಿಂದ ಇದನ್ನು ಬಾಯಿಪಾಠ ಮಾಡಿಸುತ್ತೇನೆ. ಇಷ್ಟು ಪುಟ್ಟ ಪಂಪು ಏನು ಒದ್ದೀತು ಎಂದು ನಾನೇ ಹಾಕಿರಲಿಲ್ಲ.

ಹುಳುಗಳು ಕೊನೆಯ ಬಾರಿ ಪೊರೆ ಬಿಟ್ಟು ಹಸಿದು ಎದ್ದಿದ್ದವು. ಆಗ ಅವು ಸೊಪ್ಪು ಮೇಯುವ ಸದ್ದು ಥೇಟು ಮಳೆಯದು. ಮಧ್ಯಾಹ್ನ ಉಂಡು ಜಗುಲಿಯಲ್ಲಿ ಕೂತು ನಾವು ಅದನ್ನೇ ಕೇಳುತ್ತಿದ್ದೆವು. "ಎಷ್ಟ್ ಚೆಂದಾಗಿ ಮೇಯ್ತಾವೆ ನೋಡ್ಲಾ" ಎಂದಳು ಅಕ್ಕ. ನಾನು ಹೆಮ್ಮೆಯಿಂದ ತಲೆದೂಗಿದೆ. ಆ ಸದ್ದಿನಲ್ಲಿ ಅರ್ಧ ನನ್ನ ಪಂಪಿನದು. ಒದೆತ ತಿಂದ ಟ್ರಾನ್ಸಿಸ್ಟರ್ ಒಳಗೇ ಸುಟ್ಟು ಬೆಸೆದುಕೊಂಡು, ಪಂಪಿಗೆ ನಿಲ್ಲುವ ದಾರಿಯೇ ಇರಲಿಲ್ಲ. ಇವತ್ತಿಗೂ ಆ ಮಧ್ಯಾಹ್ನ ಕಣ್ಣ ಮುಂದೆ ಬರುತ್ತದೆ. ಪ್ರತಿ ಸಲವೂ ಅದರಲ್ಲಿ ನಾನು ತಲೆದೂಗುತ್ತಿರುತ್ತೇನೆ.

ಬಾಗಿಲು ತೆಗೆದರೆ, ಕಿಟಕಿ ಪಕ್ಕದ ಹುಳುತಟ್ಟೆಗಳ ಮೇಲೆ ಗೋಣಿಯಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಅಕ್ಕ ಸೆರಗಿನಿಂದ ಒಂದೊಂದೇ ಹುಳು ಒರೆಸತೊಡಗಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ತಟ್ಟೆಗಳಲ್ಲಿ ಒಂದು ಹುಳುವೂ ಗೂಡು ಕಟ್ಟಲಿಲ್ಲ.

ಮುಂದಿನ ಬೆಳೆಗೆ ಡಯೋಡ್ ಹಾಕಿದ ಹೊಸ ಪೆಟ್ಟಿಗೆಯೊಡನೆ ಹೋದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತು ಚೊಂಬು ಕೊಟ್ಟಳು. "ಆಚೆಯಿಂದ್ಲೆ ಗೋಣಿಗೆ ಚಿಮುಕ್ಸು. ಸಾಕು ಅಂದಾಗ ನಿಲ್ಸು." ಚಿಮುಕಿಸುತ್ತಲೇ, ಡಯೋಡ್ ಒದೆತವನ್ನು ಹೇಗೆ ಪಳಗಿಸುತ್ತದೆಂದು ಕಿಟಕಿಯಿಂದ ವಿವರಿಸಲು ಶುರುಮಾಡಿದೆ. ವಿವರಣೆಗೆ ರಂಗೇರಿತು.

"ಸಾಕು ಸಾಕು ಅಂತ ಆಗ್ಲಿಂದ ಬಡ್ಕತಾವ್ನಿ, ನಿಲ್ಸ್ಲಾ!" ಒಳಗಿನಿಂದ ಅಕ್ಕ ಕಿರುಚಿದಾಗ ಚೊಂಬು ಬರಿದಾಗಿತ್ತು. "ನಿಂಗಿಂತ ಆ ಪೆಟ್ಗೆನೇ ವಾಸಿ!"

ಈಗ ಪೆಟ್ಟಿಗೆ ಹುಳುಮನೆಯ ಒಳಗಿದೆ. ನನಗೆ ಪ್ರವೇಶವಿಲ್ಲ.